ಬಾಗಿಲಿಗೆ ಕಿವಿಯಿಟ್ಟ ನಗು

2000ದ ದಶಕದಲ್ಲಿ ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬರುತ್ತಿದ್ದಾಗ ಹಾಸನ, ಚನ್ನರಾಯಪಟ್ಟಣದ ಮನೆಗಳಲ್ಲಿ ಅಜ್ಜಿ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕೂತು ನಗುತ್ತಿದ್ದುದುಂಟು. ಹೆಂಡತಿಯಿಂದ ಏಟು ತಿನ್ನುವ ಪಾಂಡುವನ್ನು ಕಂಡು ನಾವೂ ನಕ್ಕಿದ್ದೇವೆ. ಆದರೆ ಪಕ್ಕದ ಮನೆಯಿಂದ ಏಟಿನ ಸದ್ದು ಕೇಳಿದರೆ ನಗು ಬರುವುದಿಲ್ಲ. ಹಾಗಾದರೆ ನಗುವಿಗೂ ನೋವಿಗೂ ನಡುವಿನ ಗೆರೆ ಯಾವುದು?

ಕೌಟುಂಬಿಕ ಹಾಸ್ಯ ನಡೆಯುವುದೇ ಆ ಗೆರೆ ಮೀರುವುದರಿಂದ. ಕದ್ದು ಕೇಳುವ ಅತ್ತೆ, ಬಾಗಿಲು ತಟ್ಟದೆ ಒಳನುಗ್ಗುವ ನೆರೆಯವರು ಇಲ್ಲದಿದ್ದರೆ ಕಥೆ ಮುಂದೆ ಸಾಗದು. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ಚಿತ್ರವನ್ನೇ ನೋಡಿ. ಒಂದೇ ವಠಾರದಲ್ಲಿದ್ದು ಸದಾ ಜಗಳವಾಡುವ ಇಬ್ಬರು, ಎದುರಿಗಿರುವವರು ಯಾರೆಂದು ತಿಳಿಯದೆ ಪತ್ರಗಳಲ್ಲಿ ಒಲಿಯುತ್ತಾರೆ. ಗುಟ್ಟು ಉಳಿಯದ ವಠಾರದಲ್ಲಿ ಪತ್ರವೇ ಅವರ ಪಾಲಿನ ಕೋಣೆ.

ಹೊಳೆನರಸೀಪುರ, ಅರಕಲಗೂಡಿನ ಸಾಲುಮನೆಗಳಲ್ಲೂ ಒಗ್ಗರಣೆಯ ಘಮ, ಸೊಸೆಯ ಅಳು ಎರಡೂ ಗೋಡೆ ದಾಟುತ್ತವೆ. ಆದರೂ ಹಿರಿಯರು ಹೊಸ್ತಿಲಲ್ಲಿ ಒಮ್ಮೆ ಕೆಮ್ಮಿ ಒಳಬರುತ್ತಿದ್ದರು. ಬೆಳಗಿನ ನಮಾಝಿಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ರಾತ್ರಿಯ ನಮಾಝಿನ ಬಳಿಕ ಮನೆಯ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆಂದು ಕುರ್‌ಆನ್ (24:58) ಹೇಳುತ್ತದೆ. ಅಂದರೆ ಗಡಿ ಇರುವುದು ಬೀದಿ ಬಾಗಿಲಲ್ಲಿ ಮಾತ್ರವಲ್ಲ, ಮನೆಯ ಒಳಗೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆದರೆ ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ನಿಂತ ಮಗನೆದುರು ತಾಯಿ ಯಾವ ಕೋರ್ಟಿಗೆ ಹೋಗಬೇಕು?

ಪಾಂಡುವಿನ ಪಾತ್ರ ಮಾಡಿದವರು ಒಪ್ಪಿ, ಸಂಭಾವನೆ ಪಡೆದು ಏಟು ತಿಂದವರು. ಇಂದು ಅಜ್ಜಿಯ ಮರೆವು, ಗಂಡಹೆಂಡಿರ ಮುನಿಸು ರೀಲ್ಸ್ ಆಗಿ ಊರೆಲ್ಲ ಸುತ್ತುತ್ತಿವೆ. ಅವರನ್ನು ಕೇಳಿದವರಾರು? ‘ನಮ್ಮ ಮನೆಯವರೇ ತಾನೆ’ ಎಂಬುದು ಒಪ್ಪಿಗೆಯಾಗಲಾರದು.

ಒಳ್ಳೆಯ ಹಾಸ್ಯದಲ್ಲಿ, ಬಾಗಿಲು ಥಟ್ಟನೆ ತೆರೆದಾಗ ಮುಗ್ಗರಿಸಿ ಬೀಳುವವನು ಕಿವಿಯಿಟ್ಟು ನಿಂತವನೇ. ಕೆಟ್ಟ ಹಾಸ್ಯದಲ್ಲಿ ಒಳಗಿದ್ದವಳು ತಲೆ ತಗ್ಗಿಸಬೇಕಾಗುತ್ತದೆ. ಹಾಗೆಂದು ಖಾಸಗಿತನದ ಹೆಸರಿನಲ್ಲಿ ಮನೆಯೊಳಗಿನ ಹಿಂಸೆಯನ್ನು ಮುಚ್ಚಿಡಬೇಕೆಂದು ನಾವು ಹೇಳುತ್ತಿಲ್ಲ. ಏಟಿನ ಸದ್ದು ಕೇಳಿದರೆ ನೆರೆಯವರು ಬಾಗಿಲು ತಟ್ಟಲೇಬೇಕು. ಆದರೆ ತಟ್ಟುವುದು ಕೈಹಿಡಿದು ಎತ್ತಲು, ನಾಳೆ ನಾಲ್ವರ ನಡುವೆ ಹೇಳಿ ನಗಲು ಅಲ್ಲ.