ವಾಲಿದ ಅಲಗು

ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುವವನಿಗೆ ಚಾಕುವಿನ ಬಾಯಿ ಚೆನ್ನಾಗಿರಬೇಕು, ಉಳಿದದ್ದೆಲ್ಲ ಆಮೇಲೆ. ಕಸಿಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಹೆರೆದು ಬೆಣೆ ಮಾಡುತ್ತೇವೆ. ಒಂದೇ ಎಳೆತಕ್ಕೆ ನುಣ್ಣಗೆ ಬರಬೇಕು. ತೊಗಟೆಯಡಿಯ ಎಳೆ ಪದರ ಜಜ್ಜಿಹೋದರೆ ಕಡ್ಡಿ ಬೇರುಸಸಿಗೆ ಕೂಡುವುದೇ ಇಲ್ಲ. ಶಿರಸಿಯ ಕಡೆ ಮಳೆ ಹಿಡಿದ ಮೇಲೆ ಈ ಕೆಲಸ ಶುರು. ಆಗ ನನ್ನ ಜೇಬಿನಲ್ಲಿ ಮಡಚುವ ಚಾಕು ಇದ್ದೇ ಇರುತ್ತದೆ. ಕಳೆದ ಹಂಗಾಮಿನಲ್ಲಿ ಅದರ ಅಲಗು ಹಿಡಿಯ ನಡುವೆ ಕೂರದೆ ಎಡಕ್ಕೆ ವಾಲಿತು. ಮಡಚಿದಾಗಲೆಲ್ಲ ಬಾಯಿ ಒಳಗಿನ ತಗಡಿಗೆ ಉಜ್ಜಿ, ಬೆಳಿಗ್ಗೆ ಸಾಣೆ ಹಿಡಿದದ್ದು ಮಧ್ಯಾಹ್ನಕ್ಕೆ ಮೊಂಡಾಗುತ್ತಿತ್ತು.

ಅದನ್ನು ಬಿಚ್ಚಿ ಕೂತಾಗ, ಬಹಳ ಕಾಲದಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯೊಂದು ಮತ್ತೆ ಎದ್ದಿತು. ಕೃಷ್ಣ ಅರ್ಜುನನಿಗೆ ಬಿಲ್ಲು ಎತ್ತಿಕೋ ಎಂದ. ಅದೇ ಕೃಷ್ಣ, ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ, ಬಂಧುಗಳ ಮೇಲಿನ ಮೋಹ ಬಿಟ್ಟು ಬದರಿಗೆ ಹೊರಡು ಎಂದು ಉದ್ಧವನಿಗೆ ಹೇಳಿದ. ಒಬ್ಬನಿಗೆ ಹಿಡಿ, ಇನ್ನೊಬ್ಬನಿಗೆ ಬಿಡು. ಧರ್ಮಕ್ಕೆ ಒಂದು ನಡು ಇರುವುದೇ ನಿಜವಾದರೆ ಇಬ್ಬರಿಗೂ ಅದನ್ನೇ ತೋರಿಸಬಾರದಿತ್ತೆ?

ವಾಲಿದ ಅಲಗನ್ನು ನಡುವಿಗೆ ತರಲು ಎಲ್ಲರಿಗೂ ಮೊದಲು ಹೊಳೆಯುವುದು ಕೀಲಿನ ಸ್ಕ್ರೂ ಬಿಗಿಮಾಡುವುದು. ಬಿಗಿಮಾಡಿದರೆ ಎಷ್ಟೋ ಸಲ ಅಲಗು ನಡುವಿಗೆ ಬಂದೇ ಬರುತ್ತದೆ. ಆದರೆ ಆಮೇಲೆ ತೆರೆಯಲು ಎರಡು ಕೈ ಬೇಕು, ಉಗುರು ಮುರಿಯುತ್ತದೆ. ಪಕ್ಕದಲ್ಲಿ ಕೂತಿದ್ದ ತಮ್ಮನ ಮಗ, "ನಡುವಿಗೆ ಬಂತಲ ದೊಡ್ಡಪ್ಪ, ಮತ್ತೆಂತಕ್ಕೆ ಬಿಚ್ಚದು?" ಎಂದ. ಹಿಸುಕಿ ನಿಲ್ಲಿಸಿದ ಅಲಗು ಕೆಲಸಕ್ಕೆ ಬರುವುದಿಲ್ಲ ಮಾರಾಯ, ಎಂದೆ.

ಚಂಪಾ ನಗರದ ಶ್ರೀಮಂತರ ಮಗ ಸೋಣ ಭಿಕ್ಷುವಾದ ಮೇಲೆ ತನ್ನನ್ನು ಹೀಗೇ ಬಿಗಿದುಕೊಂಡಿದ್ದ. ರಾಜಗೃಹದ ಹತ್ತಿರದ ಸೀತವನದಲ್ಲಿ, ಅಂಗಾಲು ಒಡೆದು ರಕ್ತ ಬರುವವರೆಗೂ ನಡೆನಡೆದು ಸಾಧನೆ ಮಾಡಿದ. ಏನೂ ದಕ್ಕಲಿಲ್ಲ. ಮನೆಗೆ ಹಿಂತಿರುಗಿಬಿಡೋಣವೇ ಎಂದು ಯೋಚಿಸುತ್ತಿದ್ದಾಗ ಬುದ್ಧ ಬಂದು, ಅವನು ಹಿಂದೆ ನುಡಿಸುತ್ತಿದ್ದ ವೀಣೆಯ ಮಾತು ತೆಗೆದ. ತಂತಿ ಅತಿಯಾಗಿ ಬಿಗಿದಿದ್ದರೂ ನಾದವಿಲ್ಲ, ಸಡಿಲವಾಗಿದ್ದರೂ ಇಲ್ಲ. ಈ ಕಥೆಯನ್ನು ಮಿತವಾಗಿರಬೇಕು ಎನ್ನುವ ಸಾಮಾನ್ಯ ಬುದ್ಧಿವಾದವಾಗಿ ಹೇಳುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಬುದ್ಧ ಅದನ್ನು ಹೇಳಿದ್ದು ಅಂಗಾಲಲ್ಲಿ ರಕ್ತ ಸುರಿಯುತ್ತಿದ್ದವನಿಗೆ. ಮಲಗಿದವನಿಗೆ ಅದೇ ಮಾತು ಹೇಳಿದರೆ ಅವನು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾನೆ.

ಕೀಲು ಬಿಚ್ಚಿ ನೋಡಿದಾಗ ಒಂದು ಬದಿಯ ವಾಷರಿನ ಅಡಿಯಲ್ಲಿ ಮಾವಿನ ಸೊನೆ ಒಣಗಿ ಗಟ್ಟಿಯಾಗಿತ್ತು. ಕೂದಲೆಳೆಯಷ್ಟು ದಪ್ಪ ಸಾಕು. ಕೀಲಿನಲ್ಲಿ ಅಷ್ಟು ಓರೆಯಾದರೆ ಅಲಗಿನ ತುದಿಯಲ್ಲಿ ಅದು ಎಷ್ಟೋ ಪಾಲು ಹೆಚ್ಚಾಗಿ ಕಾಣುತ್ತದೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ವಾಷರುಗಳನ್ನು ಅದಲುಬದಲು ಮಾಡಿ ಕೂರಿಸಿದೆ. ಇನ್ನು ಉಳಿದದ್ದು ಹಿಡಿಯ ಎರಡು ಪಟ್ಟಿಗಳ ಸೊಟ್ಟ. ಅದಕ್ಕೆ ಎಲ್ಲ ಸ್ಕ್ರೂಗಳನ್ನೂ ಸಡಿಲಿಸಿ, ಎಡಕ್ಕೆ ವಾಲುವ ಅಲಗನ್ನು ಹೆಬ್ಬೆರಳಿನಿಂದ ಬಲಕ್ಕೆ, ನಡುವನ್ನೂ ದಾಟಿಸಿ ಒತ್ತಿಹಿಡಿದು, ಹಾಗೆಯೇ ಒಂದೊಂದಾಗಿ ಬಿಗಿಯುತ್ತ ಬರಬೇಕು. ಬೆರಳು ತೆಗೆದಾಗ ಅದು ತುಸು ಹಿಂದಕ್ಕೆ ಬಂದು ನಡುವೆ ನಿಲ್ಲುತ್ತದೆ. ನಡುವಿಗೇ ಸರಿಯಾಗಿ ಒತ್ತಿ ಬಿಗಿದರೆ ಮತ್ತೆ ಎಡಕ್ಕೇ ಹೋಗುತ್ತದೆ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಪುಸ್ತಕದ ಕೊನೆಯಲ್ಲಿ ಹೇಳುವುದೂ ಇದನ್ನೇ. ಡೊಂಕಾದ ಮರವನ್ನು ನೆಟ್ಟಗೆ ಮಾಡುವವರು ಅದನ್ನು ಎದುರು ದಿಕ್ಕಿಗೆ ಬಗ್ಗಿಸುತ್ತಾರೆ. ನಮ್ಮನ್ನು ನಾವೂ ಹಾಗೇ ಎಳೆದುಕೊಳ್ಳಬೇಕು ಎನ್ನುತ್ತಾನೆ. ಹಾಗೆ ನೋಡಿದರೆ ಕೃಷ್ಣನ ಎರಡು ಮಾತಿನಲ್ಲಿ ವಿರೋಧವಿಲ್ಲ. ಬಿಲ್ಲು ಕೆಳಗಿಟ್ಟು ಕೂತವನನ್ನು ಯುದ್ಧದ ಕಡೆಗೆ ಒತ್ತಿದ. ತನ್ನನ್ನು ಅಗಲಿ ಅರೆಕ್ಷಣ ಇರಲಾರೆ ಎಂದವನನ್ನು ಬದರಿಯ ಕಡೆಗೆ ಒತ್ತಿದ. ಶಾಸ್ತ್ರದ ಮಾತನ್ನು ಅದು ಯಾರಿಗೆ ಹೇಳಿದ್ದು ಎನ್ನುವುದರಿಂದ ಬಿಡಿಸಿ, ಎಲ್ಲರ ಮೇಲೂ ಹೇರುವವರು ಎಷ್ಟು ಜೀವಗಳನ್ನು ಇನ್ನಷ್ಟು ವಾಲಿಸಿದ್ದಾರೋ ಎಂದು ನನಗೆ ಸಂಕಟವಾಗುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಸಲ್ಲೇಖನ ವ್ರತ ಹಿಡಿದು ಅನ್ನ ಬಿಟ್ಟು ದೇಹ ಬಿಟ್ಟವರ ಶಾಸನಗಳಿವೆ. ಅವರು ಯಾವ ನಡುವನ್ನೂ ಹುಡುಕಲಿಲ್ಲ. ಅವರನ್ನು ವಾಲಿದವರು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಇದಕ್ಕೂ ಚಾಕುವನ್ನೇ ನೋಡಬೇಕಾಯಿತು. ಕಸಿಯ ಚಾಕುವನ್ನು ಒಂದೇ ಮುಖಕ್ಕೆ ಸಾಣೆ ಹಿಡಿದಿರುತ್ತಾರೆ, ಇನ್ನೊಂದು ಮುಖ ಚಪ್ಪಟೆ. ಹಾಗಾಗಿ ಅಲಗು ಸರಿಯಾಗಿ ನಡುವೆ ನಿಂತಾಗಲೂ ಹಿಡಿಯ ಹಿಂಬದಿಯ ಸಂದಿನಿಂದ ಇಣುಕಿದರೆ ಬಾಯಿಯ ಗೆರೆ ಒಂದು ಬದಿಗೇ ಕಾಣುತ್ತದೆ. ಕೆಲಸವೇ ಅದನ್ನು ಹಾಗೆ ಮಾಡಿದೆ. ಅದನ್ನು ನಡುವಿಗೆ ತರಹೊರಟವನು ಚಾಕುವನ್ನೇ ಕೆಡಿಸುತ್ತಾನೆ. ತಗಡಿಗೆ ತಾಗುತ್ತಿದೆಯೆ, ಇಲ್ಲವೆ, ಅಷ್ಟನ್ನೇ ನೋಡಬೇಕು. ಚಿಕ್ಕಬೆಟ್ಟದ ಆ ಮುನಿಗಳ ಬದುಕು ಯಾವುದಕ್ಕೂ ಉಜ್ಜದೆ ಒಂದೇ ಮುಖಕ್ಕೆ ಹರಿತವಾಗಿತ್ತು ಎಂದು ನಾನು ನಂಬುತ್ತೇನೆ.

ಹಾಗಾದರೆ ನಾನು ಯಾವ ಕಡೆ ವಾಲಿದ್ದೇನೆ? ಚಾಕುವನ್ನು ಬೆಳಕಿಗೆ ಹಿಡಿದು ನೋಡಬಹುದು, ನನ್ನನ್ನು ನಾನು ಹಾಗೆ ನೋಡಿಕೊಳ್ಳಲಾರೆ. ನಮಗೆ ಯಾವುದು ಸುಖವೆನಿಸುತ್ತದೋ ಅದೇ ನಮ್ಮ ವಾಲಿಕೆಯನ್ನು ತೋರಿಸಿಕೊಡುತ್ತದೆ ಎನ್ನುತ್ತಾನೆ ಅರಿಸ್ಟಾಟಲ್. ವೈರಾಗ್ಯದ ಮಾತು ನನಗೆ ಬಹಳ ಹಿತ. ಉದ್ಧವನ ಪ್ರಸಂಗವನ್ನು ಎಷ್ಟು ಓದಿದರೂ ದಣಿವಿಲ್ಲ. ಸೊಸೈಟಿಯ ಸಭೆ, ಭಾಗದ ತೋಟದ ಲೆಕ್ಕ, ದಾಯಾದಿಗಳ ಜೊತೆಗಿನ ಮಾತುಕತೆ ಎಂದರೆ ಗುಡ್ಡ ಹತ್ತಿ ಕೂರುವ ಆಸೆಯಾಗುತ್ತದೆ. ಅಂದಮೇಲೆ ಬದರಿಯ ಮಾತು ನನಗೆ ಹೇಳಿದ್ದಲ್ಲ. ತೋಟದ ಗಡಿಯ ವಿಚಾರಕ್ಕೆ ಅಣ್ಣನ ಮನೆಗೆ ನಾನೇ ಹೋಗುತ್ತೇನೆಂದು ಹೇಳಿಕಳಿಸಿದ್ದೇನೆ, ಕಸಿಯ ಕೆಲಸ ಮುಗಿಯಲಿ ಎಂದು ಕಾಯದೆ.