ಇಂದಿನ ಧಮ್ಮ ಚಿಂತನೆ: ತೂಕಡಿಕೆ ಯಾರ ತಪ್ಪು?



ಭಾನುವಾರದ ವಂದನೆ ಮುಗಿಸಿ ಧ್ಯಾನಕ್ಕೆ ಕುಳಿತಾಗ ಯಾರಾದರೊಬ್ಬರು ತೂಕಡಿಸುತ್ತಾರೆ. ಪಕ್ಕದವರು ಮೆಲ್ಲಗೆ ತಿವಿಯುತ್ತಾರೆ, ಹಿಂದೆ ಕುಳಿತವರು ನಗುತ್ತಾರೆ. ಓದಿಕೊಂಡವರು "ಅದು ಥೀನಮಿದ್ಧ, ಐದು ನೀವರಣಗಳಲ್ಲಿ ಒಂದು" ಎನ್ನುತ್ತಾರೆ. ಮಾತು ಸರಿ. ಜಡತೆ, ತೂಕಡಿಕೆ ಮನಸ್ಸಿಗೆ ಅಡ್ಡಿ ಎಂದು ಭಗವಾನ್ ಬುದ್ಧರೇ ಹೇಳಿದ್ದಾರೆ. ಆದರೆ ತೂಕಡಿಸಿದವರು ರಾತ್ರಿಯಿಡೀ ಅಪಾರ್ಟ್‌ಮೆಂಟಿನ ಗೇಟ್ ಕಾಯ್ದು, ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಮನೆಗೂ ಹೋಗದೆ ನೇರ ವಿಹಾರಕ್ಕೆ ಬಂದ ಸೆಕ್ಯುರಿಟಿ ಗಾರ್ಡ್ ಆಗಿದ್ದರೆ? ಅದು ಮನಸ್ಸಿನ ದೋಷವೋ, ದೇಹದ ಬಾಕಿಯೋ? ಇಂದು ಈ ಪ್ರಶ್ನೆಯನ್ನು ಯೋಚಿಸೋಣ.

ಮಹಾಮೊಗ್ಗಲ್ಲಾನರಂಥವರೇ ಒಮ್ಮೆ ಮಗಧದಲ್ಲಿ ಧ್ಯಾನಕ್ಕೆ ಕುಳಿತು ತೂಕಡಿಸಿದ ಪ್ರಸಂಗ ಅಂಗುತ್ತರ ನಿಕಾಯದಲ್ಲಿದೆ. ಬುದ್ಧರು ಅವರನ್ನು ಬೈಯಲಿಲ್ಲ. ಕಲಿತ ಧಮ್ಮವನ್ನು ಮನಸ್ಸಿನಲ್ಲಿ ತಿರುವಿಹಾಕು, ಕಿವಿ ಎಳೆದುಕೋ, ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡು, ಎದ್ದು ನಡೆದಾಡು ಎಂದು ಒಂದೊಂದೇ ಉಪಾಯ ಹೇಳಿದರು. ಇಷ್ಟಾದರೂ ಹೋಗದಿದ್ದರೆ ಬಲಮಗ್ಗುಲಿಗೆ ಮಲಗಿಬಿಡು, ಎಚ್ಚರವಾದ ಕೂಡಲೇ ಏಳು ಎಂದರು. ಅಂದರೆ ಕೊನೆಗೆ ನಿದ್ದೆಯೇ ಮದ್ದು. ಮನಸ್ಸನ್ನು ಹುರಿದುಂಬಿಸಿ ನೋಡಬೇಕು, ಆದರೆ ದೇಹ ಕೇಳಿದ್ದನ್ನು ಕೊಡದೆ ಸತಾಯಿಸಬಾರದು. ದೇಹದಂಡನೆಯ ದಾರಿಯನ್ನು ಸ್ವತಃ ನಡೆದು ನೋಡಿ ಬಿಟ್ಟವರ ಮಾತು ಇದು.

ವೈದ್ಯಶಾಸ್ತ್ರ ಹೇಳುವುದೂ ಇದನ್ನೇ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ವರ್ಷಗಟ್ಟಲೆ ನಿದ್ದೆ ಕಡಿಮೆಯಾದವರಲ್ಲಿ ಬಿಪಿ, ಶುಗರ್, ಹೃದಯದ ಕಾಯಿಲೆ, ಖಿನ್ನತೆ ಹೆಚ್ಚಾಗಿ ಕಾಣುತ್ತವೆ. ನೆನಪು ಕೈಕೊಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಮಾತನ್ನು ಉಳಿಸಿಕೊಂಡಿತು.

ಈಗ ನಮ್ಮ ಐದನೇ ಶೀಲವನ್ನು ನೆನೆಯಿರಿ. ಮದ್ಯ ಏಕೆ ಬೇಡ? ಅದು 'ಪಮಾದ'ಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ದಾರಿ. ಸತತ 17 ಗಂಟೆ ಎದ್ದಿರುವವರ ಕೈ, ಕಣ್ಣು, ಬುದ್ಧಿಯ ಚುರುಕು ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ ಶೇ. 0.03. ಅಂದರೆ ತೊಟ್ಟು ಕುಡಿಯದ ಚಾಲಕರೂ ನಿದ್ದೆಗೆಟ್ಟು ಸ್ಟಿಯರಿಂಗ್ ಹಿಡಿದರೆ ಅಪಾಯ ಕುಡಿದವರಷ್ಟೇ.

ಹಾಗಾದರೆ ಶೀಲ ಮುರಿದವರು ಯಾರು? ಮೊಬೈಲ್ ನೋಡುತ್ತಾ ಎರಡು ಗಂಟೆಯವರೆಗೆ ಎದ್ದಿದ್ದು ಬೆಳಿಗ್ಗೆ ಬೈಕ್ ಹತ್ತುವವರಿಗೆ ಆ ಹೊಣೆ ತಮ್ಮದೇ. ಆದರೆ ಎರಡನೇ ಪಾಳಿಯನ್ನೂ ನೀನೇ ಮಾಡು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎನ್ನಿಸಿಕೊಂಡ ಚಾಲಕ? ಅವರಿಗೆ ಎಚ್ಚರಗೇಡಿತನವನ್ನು ಕುಡಿಸಿದವರು ಮಾಲೀಕರು. ಕುಡಿಸುವವರಿಗೂ ಶೀಲದ ಲೆಕ್ಕ ಇರಬೇಡವೇ?

ಇಲ್ಲಿ ಕೆಲವರು ಆಳವಿಯ ಪ್ರಸಂಗವನ್ನು ಎತ್ತುತ್ತಾರೆ. ಚಳಿಗಾಲದಲ್ಲಿ, ದನಗಳು ತುಳಿದ ಗಟ್ಟಿ ನೆಲದ ಮೇಲೆ ಎಲೆ ಹಾಸಿಕೊಂಡಿದ್ದ ತಥಾಗತರನ್ನು ಹತ್ಥಕ ಎಂಬಾತ, ಸುಖವಾಗಿ ನಿದ್ದೆ ಬಂತೇ ಎಂದು ಕೇಳಿದ. ಲೋಕದಲ್ಲಿ ಸುಖವಾಗಿ ಮಲಗುವವರಲ್ಲಿ ನಾನೂ ಒಬ್ಬ ಎಂದರು ಬುದ್ಧರು. ರಾಗ, ದ್ವೇಷ, ಮೋಹ ಸುಡುತ್ತಿದ್ದರೆ ಯಾರಿಗೂ ನಿದ್ದೆ ಬಾರದು ಎಂದರು. ಇದನ್ನೇ ಹಿಡಿದು, ನಿದ್ದೆ ಬಾರದವರಿಗೆಲ್ಲ "ನಿನ್ನ ಮನಸ್ಸು ಶುದ್ಧ ಮಾಡಿಕೋ" ಎಂದು ಹೇಳುವುದು ಸುಲಭ. ಆದರೆ ಅಲ್ಲಿ ಬುದ್ಧರು ಉದಾಹರಣೆ ಕೊಟ್ಟದ್ದು ಯಾರನ್ನು? ಗಾಳಿ ನುಗ್ಗದ ಮಹಡಿ ಮನೆ, ಮೆತ್ತನೆ ಹಾಸಿಗೆ, ಸೇವೆಗೆ ಜನ, ಎಲ್ಲವೂ ಇದ್ದ ಗೃಹಸ್ಥನನ್ನು. ಎಲ್ಲ ಇದ್ದೂ ನಿದ್ದೆ ಬಾರದವರಿಗೆ ಹೇಳಿದ ಮಾತನ್ನು, ಒಂದೇ ಕೋಣೆಯಲ್ಲಿ ಆರು ಜನ ಮಲಗಿ, ನಾಲ್ಕು ಗಂಟೆಗೆ ಎದ್ದು ನಗರದ ಬೀದಿ ಗುಡಿಸಲು ಹೊರಡುವ ನಮ್ಮ ಪೌರಕಾರ್ಮಿಕ ತಾಯಂದಿರಿಗೆ ಹಾಗೇ ಹೇಳುವುದು ಧಮ್ಮವಲ್ಲ.

ಬಾಬಾಸಾಹೇಬರು ನಮಗೆ ಕಲಿಸಿದ ಧಮ್ಮದಲ್ಲಿ ದುಃಖಕ್ಕೆ ಒಳಗಿನ ಮೂಲವೂ ಇದೆ, ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯವೆಂಬ ಹೊರಗಿನ ಮೂಲವೂ ಇದೆ. ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಬಂದ 1946ರ ಕಾರ್ಖಾನೆ ತಿದ್ದುಪಡಿ ಕಾಯ್ದೆ, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ಅದನ್ನು ಕೆಲಸದ ಗಂಟೆಯ ಕಾನೂನು ಎಂದು ಓದುತ್ತೇವೆ. ದುಡಿಯುವವರ ನಿದ್ದೆಯನ್ನು ಕಾಯ್ದ ಕಾನೂನು ಎಂದೂ ಓದಬಹುದು.

ಬಾಬಾಸಾಹೇಬರು ರಾತ್ರಿಯಿಡೀ ಓದುತ್ತಿದ್ದರು, ನೀವೇಕೆ ಮಲಗುತ್ತೀರಿ ಎಂದು ನಮ್ಮ ಮಕ್ಕಳನ್ನು ಎಬ್ಬಿಸುತ್ತೇವೆ. ಅವರ ಓದಿನ ಹಸಿವನ್ನು ಮಕ್ಕಳಿಗೆ ಕೊಡೋಣ. ಆದರೆ ಅವರು ಅಷ್ಟು ದುಡಿದದ್ದು ಮುಂದಿನವರು ಮನುಷ್ಯರಂತೆ ಉಂಡು, ಓದಿ, ಮಲಗಲಿ ಎಂದು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಮಲಗಲು ಬಿಡುವುದೂ ವಿದ್ಯೆಗೆ ಮಾಡುವ ಸೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಅವ್ವ, ಹೆಂಡತಿ, ಸೊಸೆ. ಅವರೂ ಕೂಲಿಗೋ, ಗಾರ್ಮೆಂಟ್ಸಿಗೋ ಹೋಗಿ ಬಂದವರೇ. ಮಾಲೀಕರ ಬಗ್ಗೆ ಸಭೆಯಲ್ಲಿ ಮಾತಾಡಿ, ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಬಿಸಿ ಅನ್ನ ಕೇಳಿದರೆ ನಾವೂ ಒಬ್ಬರ ನಿದ್ದೆಯ ಮೇಲೆ ಬದುಕುವವರೇ ಆಗುತ್ತೇವೆ. ಸಮತೆ ಪಾತ್ರೆ ತೊಳೆಯುವಲ್ಲಿಂದಲೂ ಶುರುವಾಗಬಹುದು.

ಕೊನೆಯದಾಗಿ ಕೆಲವು ಮಾತು. ಮೈನೋವಿಗೆ, ನಿದ್ದೆಗೆ ಎಂದು ಒಂದು ಕ್ವಾರ್ಟರ್ ಹಾಕುವವರು ನಮ್ಮಲ್ಲೂ ಇದ್ದಾರೆ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಶೀಲವೂ ಹೋಗುತ್ತದೆ, ನಿದ್ದೆಯೂ ಹೋಗುತ್ತದೆ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದು ಒಳ್ಳೆಯ ನಿದ್ದೆಯ ಗುರುತಲ್ಲ, ಕಾಯಿಲೆಯ ಗುರುತು. ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ ತಾವೇ ಮಾತ್ರೆ ನುಂಗದೆ ವೈದ್ಯರನ್ನು ಕಾಣಿ. ಮೆತ್ತಾ ಭಾವನೆಯ ಹನ್ನೊಂದು ಫಲಗಳಲ್ಲಿ ಬುದ್ಧರು ಮೊದಲು ಹೇಳಿದ್ದು ಸುಖವಾದ ನಿದ್ದೆಯನ್ನು. ಮಲಗುವ ಮುನ್ನ ಹತ್ತು ನಿಮಿಷ ಆ ಭಾವನೆ ಮಾಡೋಣ.

ಮುಂದಿನ ಭಾನುವಾರ ವಿಹಾರದಲ್ಲಿ ಯಾರಾದರೂ ತೂಕಡಿಸಿದರೆ ತಿವಿಯಬೇಡಿ. ವಂದನೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿ: "ರಾತ್ರಿ ನಿದ್ದೆ ಆಯಿತೇ? ಕೆಲಸ ಎಷ್ಟು ಹೊತ್ತಿನವರೆಗೆ ಇತ್ತು?" ಸಂಘದ ಕೆಲಸ ಅಲ್ಲಿಂದ ಶುರುವಾಗಲಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈಭೀಮ್ 🙏