ಯಂತ್ರದ ಸಾಕ್ಷಿ, ಮನುಷ್ಯನ ಮಾತು

ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ “ಕಂಪ್ಯೂಟರಿನಲ್ಲಿ ಹಾಗೆಯೇ ತೋರಿಸುತ್ತಿದೆ, ನಾವೇನೂ ಮಾಡುವಂತಿಲ್ಲ” ಎಂಬ ಉತ್ತರವನ್ನು ನೀವೂ ಕೇಳಿರಬಹುದು. ಅಲ್ಲಿಗೆ ಮಾತು ಮುಗಿಯಿತು. ತಂತ್ರಾಂಶ ರಚನೆಯನ್ನೇ ವೃತ್ತಿಯಾಗಿಸಿಕೊಂಡ ನನ್ನನ್ನು ಈ ಉತ್ತರ ಕಾಡುತ್ತದೆ. ಏಕೆಂದರೆ ದೋಷವೇ ಇಲ್ಲದ ದೊಡ್ಡ ತಂತ್ರಾಂಶವನ್ನು ನಾನು ಈವರೆಗೆ ಕಂಡಿಲ್ಲ.

ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ 1999ರಿಂದ ‘ಹೊರೈಜನ್’ ಎಂಬ ಲೆಕ್ಕಪತ್ರ ತಂತ್ರಾಂಶ ಬಳಕೆಗೆ ಬಂತು. ಉಪ ಅಂಚೆಪಾಲಕರ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ಅದು ತೋರಿಸತೊಡಗಿತು. ಹಲವರು ತಮ್ಮ ಉಳಿತಾಯವನ್ನೇ ಸುರಿದು ಆ ಕೊರತೆಯನ್ನು ತುಂಬಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. 2010ರಲ್ಲಿ ಗರ್ಭಿಣಿಯೊಬ್ಬರು ಸೆರೆಮನೆ ಸೇರಿದರು. ಉಪ ಅಂಚೆಪಾಲಕ ಆಲನ್ ಬೇಟ್ಸ್ ಮುಂದಾಳುತನದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ, ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಉಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಅದನ್ನು ರಚಿಸಿದ ಫುಜಿತ್ಸು ಕಂಪನಿಗೆ ಆರಂಭದಿಂದಲೇ ದೋಷಗಳ ಅರಿವಿತ್ತೆಂದು ಅದರ ಅಧಿಕಾರಿಯೇ 2024ರ ಸಾರ್ವಜನಿಕ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅದೇ ವರ್ಷ ಸಂಸತ್ತು ಕಾಯಿದೆಯ ಮೂಲಕ ಆ ಶಿಕ್ಷಾತೀರ್ಪುಗಳನ್ನು ರದ್ದುಗೊಳಿಸಿತು. ಆದರೆ ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇಲ್ಲಿ ಪಾಪ ಯಾರದು? ಯಂತ್ರಕ್ಕೆ ಪಾಪವಿಲ್ಲ, ಪಶ್ಚಾತ್ತಾಪವೂ ಇಲ್ಲ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ದೇವರಾಜ್ಞೆ ನುಡಿದವನನ್ನು ಮಾತ್ರವಲ್ಲ, ಸತ್ಯವನ್ನು ಬಲ್ಲವನಾಗಿಯೂ ಬಾಯಿ ಮುಚ್ಚಿಕೊಂಡವನನ್ನೂ ಮುಟ್ಟುತ್ತದೆ. ದಾನಿಯೇಲನ ಗ್ರಂಥದಲ್ಲಿ ಬರುವ ಸುಸನ್ನಳ ಪ್ರಸಂಗವನ್ನು ನೆನೆಯಿರಿ. ಆಕೆಯ ಮೇಲೆ ದೂರು ಹೊರಿಸಿದವರು ಗೌರವಾನ್ವಿತ ಹಿರಿಯರು. ಆದ್ದರಿಂದಲೇ ಸಭೆ ಪ್ರಶ್ನಿಸದೆ ನಂಬಿತು. ಯುವಕ ದಾನಿಯೇಲನು ಮಾಡಿದ್ದು ಇಷ್ಟೇ: ಆ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದನು. ಅವರ ಮಾತುಗಳು ಹೊಂದಲಿಲ್ಲ, ನಿರಪರಾಧಿಯ ಪ್ರಾಣ ಉಳಿಯಿತು. ಇಂದು ಆ ಹಿರಿಯರ ಪೀಠದಲ್ಲಿ ಕಂಪ್ಯೂಟರನ್ನು ಕೂರಿಸಿದ್ದೇವೆ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ತಾವೇ ತಂತ್ರಾಂಶ ಬರೆಯುತ್ತಿವೆ. ಅವುಗಳಿಂದ ಕೆಲಸ ಹಗುರವಾಗಿರುವುದು ನಿಜ, ನಾನೂ ಅವುಗಳನ್ನು ಬಳಸುತ್ತೇನೆ. ಆದರೆ ಯಾರೂ ಪೂರ್ತಿಯಾಗಿ ಓದಿ ನೋಡದ ತಂತ್ರಾಂಶವು ನಾಳೆ ಒಬ್ಬರ ಸಾಲವನ್ನೋ ಪಿಂಚಣಿಯನ್ನೋ ನಿರ್ಧರಿಸಿದರೆ, ತಪ್ಪಿಗೆ ಹೊಣೆಯಾಗುವವರಾರು? ಬರೆಯುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು, ಉತ್ತರ ಕೊಡುವ ಹೊಣೆಯನ್ನು ಒಪ್ಪಿಸಲಾಗದು.

ಇದು ಇಂಜಿನಿಯರರಿಗೆ ಮಾತ್ರ ಸೇರಿದ ವಿಷಯವಲ್ಲ. ನಮ್ಮ ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳಲ್ಲಿ ಯಂತ್ರದ ಲೆಕ್ಕ ಯಾರನ್ನಾದರೂ ತಪ್ಪಿತಸ್ಥರೆಂದು ತೋರಿಸಿದಾಗ, ಮೊದಲು ಆ ವ್ಯಕ್ತಿಯನ್ನು ಕೂರಿಸಿ ಅವರ ಮಾತನ್ನು ಕೇಳೋಣ. ದೇವರ ರೂಪದಲ್ಲಿ ಸೃಷ್ಟಿಯಾದದ್ದು ಮನುಷ್ಯ, ಲೆಕ್ಕದ ಯಂತ್ರವಲ್ಲ.